ತೆಗೆದಿಟ್ಟದ್ದು

ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ‘ಲಯನೆಲ್’ ಎಂಬ ಹೆಸರನ್ನು ಮನ್ವಿತಾ ಅಂಗೈಯಿಂದ ಒರೆಸಿದಳು. ಗೋದಾಮು ನೋಡಿಕೊಳ್ಳುವ ಸೆವರಿನ್ ಬೇಡ ಬೇಡ ಎನ್ನುತ್ತಲೇ ಹಿಂದೆ ಬಂದ. ಅವಳು ಪೆಟ್ಟಿಗೆಯನ್ನು ಎತ್ತಿಕೊಂಡು ಮೆಟ್ಟಿಲಿಳಿದಳು. ಕೌಂಟರಿನಲ್ಲಿ ಬಿಲ್ ಮಾಡಿಸಿ, ಕಾದು ನಿಂತಿದ್ದ ರೊಸಾಲಿನ್ ಎಂಬ ಹೆಂಗಸಿನ ಕೈಗೆ ಕೊಟ್ಟು, ಆಟೊ ಹತ್ತಿಸಿ ಬಂದಳು.

ಪೆಟ್ಟಿಗೆಯಲ್ಲಿದ್ದದ್ದು ಏರ್ ಬೆಡ್, ಮಲಗಿದಲ್ಲೇ ಇರುವ ರೋಗಿಗಳ ಬೆನ್ನು ಹುಣ್ಣಾಗದಂತೆ ಹಾಸುವ ಗಾಳಿಯ ಹಾಸಿಗೆ. ರೊಸಾಲಿನ್‌ಳ ತಾಯಿಯನ್ನು ಅತ್ತಾವರದ ಆಸ್ಪತ್ರೆಯಿಂದ ಅದೇ ಸಂಜೆ ಮನೆಗೆ ಕಳಿಸುವವರಿದ್ದರು. ಬೆಳಿಗ್ಗೆ ಅವಳು ಫೋನ್ ಮಾಡಿದಾಗ ಮನ್ವಿತಾ ಸ್ಕ್ರೀನ್ ನೋಡಿ, ನಾಲ್ಕು ಉಂಟು, ಬನ್ನಿ ಎಂದಿದ್ದಳು. ಅವಳು ಸುರತ್ಕಲ್‌ನಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದ ಮೇಲೆ ಸೆವರಿನ್ ಇಲ್ಲವೆಂದು ಕೈ ಅಲ್ಲಾಡಿಸಿದ. ನಾಲ್ಕೂ ಬೇರೆಯವರಿಗೆ ತೆಗೆದಿಟ್ಟದ್ದಂತೆ.

“ನಿಮ್ಮ ಕಂಪ್ಯೂಟರ್ ಸುಳ್ಳು ಹೇಳ್ತದೆ ಅಂತ ನಾನು ಮೊದಲೇ ಹೇಳಿದ್ದೆ ಮಾರಾಯ್ತಿ” ಎಂದು ಸಂತೋಷದಿಂದಲೇ ಹೇಳಿದ್ದ.

ಫಳ್ನೀರಿನ ಆ ವೈದ್ಯಕೀಯ ಸಲಕರಣೆಗಳ ಅಂಗಡಿಗೆ ಮನ್ವಿತಾಳನ್ನು ಸೇರಿಸಿಕೊಂಡದ್ದೇ ಸ್ಟಾಕಿನ ಲೆಕ್ಕವಿಡುವ ಹೊಸ ಸಾಫ್ಟ್‌ವೇರನ್ನು ಎಲ್ಲರೂ ಬಳಸುವಂತೆ ಮಾಡಲಿಕ್ಕೆ. ದೀಪಾವಳಿಯೊಳಗೆ ಆಗದಿದ್ದರೆ ಅದನ್ನೂ ನಿಲ್ಲಿಸುತ್ತೇನೆ, ನಿನ್ನನ್ನೂ ಕಳಿಸುತ್ತೇನೆ ಎಂದು ಮಾಲೀಕ ತಾರಾನಾಥ ಶೆಟ್ಟರು ಸ್ಪಷ್ಟವಾಗಿಯೇ ಹೇಳಿದ್ದರು. ಅವಳು ಕಲಿಸಿದಳು, ಗದರಿದಳು, ಒಬ್ಬೊಬ್ಬರ ಪಕ್ಕ ಕುಳಿತು ಮತ್ತೆ ಕಲಿಸಿದಳು. ಆದರೂ ಕೌಂಟರಿನ ಗ್ಲೆನಿಟಾ ಒಮ್ಮೆ ಸ್ಕ್ರೀನ್ ನೋಡುತ್ತಾಳೆ, ಆಮೇಲೆ ಕತ್ತೆತ್ತಿ ಮಹಡಿಗೆ ಕೂಗುತ್ತಾಳೆ: “ಸೆವರಿನ್, ನಿಜವಾಗಿ ಉಂಟಾ?” ಅವಳನ್ನು ದೂರುವಂತಿರಲಿಲ್ಲ. ಸ್ಕ್ರೀನಿಗೆ ಪೆಟ್ಟಿಗೆಗಳು ಗೊತ್ತಿದ್ದವು, ಶೆಟ್ಟರ ಮಾತುಗಳು ಗೊತ್ತಿರಲಿಲ್ಲ. ಮದುವೆ ಹಾಲ್‌ನಲ್ಲಿ ಊಟ ಮಾಡುತ್ತಾ, ಕಾರಿನಲ್ಲಿ ಹೋಗುತ್ತಾ, ಪರಿಚಯದವರು ಕೇಳಿದ ತಕ್ಷಣ ಅವರು ಮಾತು ಕೊಡುತ್ತಿದ್ದರು. ಕೂಡಲೇ ಸೆವರಿನ್‌ಗೆ ಫೋನ್, ಒಂದು ತೆಗೆದಿಡು. ಸೆವರಿನ್ ಪೆಟ್ಟಿಗೆಯ ಮೇಲೆ ಹೆಸರು ಬರೆಯುತ್ತಿದ್ದ. ಅಲ್ಲಿಗೆ ಮುಗಿಯಿತು.

ಊಟ ಮುಗಿಸಿ ಬಂದ ಶೆಟ್ಟರಿಗೆ ಸುದ್ದಿ ಬಾಗಿಲಲ್ಲೇ ಸಿಕ್ಕಿತು. ಅವರು ದನಿ ಏರಿಸಲಿಲ್ಲ.

“ಲಯನೆಲ್‌ಗೆ ನಾನು ಮಾತು ಕೊಟ್ಟಿದ್ದೆ.”

“ಕಂಪ್ಯೂಟರಿಗೆ ಹೇಳಿರಲಿಲ್ಲ ಸರ್.”

“ನನ್ನ ಅಂಗಡಿಯಲ್ಲಿ ನಾನು ಕಂಪ್ಯೂಟರನ್ನು ಕೇಳ್ಬೇಕಾ?”

“ಕೇಳುವುದು ಬೇಡ. ಹೇಳಿದರೆ ಸಾಕು.”

ಗ್ಲೆನಿಟಾ ಬಿಲ್ ಮೆಷಿನ್ನಿನೊಳಗೆ ಏನನ್ನೋ ಹುಡುಕತೊಡಗಿದಳು. ನಾಳೆಯಿಂದ ಬರುವುದು ಬೇಡ ಎಂದು ಶೆಟ್ಟರು ಮನ್ವಿತಾಳಿಗೆ ಹೇಳಿದರು. ಆಗಲಿ ಎಂದು ಅವಳು ಡ್ರಾಯರಿನಿಂದ ಬ್ಯಾಗ್ ತೆಗೆದಳು.

ಅಷ್ಟರಲ್ಲಿ ಲಯನೆಲ್‌ರ ಡ್ರೈವರ್ ಬಂದು ಏರ್ ಬೆಡ್ ಕೇಳಿದ. ಶೆಟ್ಟರು ಅವನನ್ನು ಕೂರಿಸಿ, ತಾವೇ ಏದುಸಿರು ಬಿಡುತ್ತಾ ಮಹಡಿ ಹತ್ತಿದರು. ಉಳಿದ ಮೂರರಲ್ಲಿ ಒಂದು ಪಕ್ಕದ ರಸ್ತೆಯ ಕ್ಲಿನಿಕ್ಕಿನದು, ಒಂದು ಅವರ ಭಾವನದು. ಮೂರನೆಯದರ ಮೇಲೆ ‘ಧಣಿ’ ಎಂದು ಬರೆದಿತ್ತು.

“ಇದು ಯಾರಿಗೆ?”

“ನಿಮಗೇ ಧಣಿ. ಯಾರಿಗೆ ಅಂತ ಆಮೇಲೆ ಹೇಳ್ತೇನೆ, ಒಂದು ತೆಗೆದಿಡು ಅಂದಿದ್ರಿ.”

“ಯಾವಾಗ?”

“ಮಳೆಗಾಲದಲ್ಲಿ.”

ಶೆಟ್ಟರು ಆ ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು. ಯಾರು ಕೇಳಿದ್ದರು, ಯಾರ ಮನೆಯ ರೋಗಿ, ಆ ರೋಗಿ ಈಗ ಇದ್ದಾನೋ ಇಲ್ಲವೋ, ಒಂದೂ ಅವರಿಗೆ ನೆನಪಾಗಲಿಲ್ಲ. ಈ ನಡುವೆ ಏರ್ ಬೆಡ್ ಇಲ್ಲವೆಂದು ಎಷ್ಟು ಜನರನ್ನು ವಾಪಸ್ ಕಳಿಸಿದೆ ಎಂದು ಸೆವರಿನ್‌ನನ್ನು ಕೇಳಿದರು. ಅವನು ಪೆಟ್ಟಿಗೆಯ ಧೂಳು ಕೊಡವಿ ಹೆಗಲಿಗೇರಿಸಿಕೊಂಡು ಕೆಳಗಿಳಿದ.

ಡ್ರೈವರ್ ಅದನ್ನು ತೆಗೆದುಕೊಂಡು ಹೋದ. ಮನ್ವಿತಾ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ಶೆಟ್ಟರು ಅವಳ ಮುಖ ನೋಡದೆ, ಕೂರು ಎಂದರು.

“ಇನ್ನು ಏನಾದರೂ ತೆಗೆದಿಡುವುದಿದ್ದರೆ ನಿನಗೆ ಫೋನ್ ಮಾಡ್ತೇನೆ. ನೀನು ಆ ಕಂಪ್ಯೂಟರಿನಲ್ಲಿ ಹಾಕು. ಆಯ್ತಲ್ಲ?”

ಹೂಂ ಎಂದಿದ್ದರೆ ಕೆಲಸ ಉಳಿಯುತ್ತಿತ್ತು. ಮನೆಯಲ್ಲಿ ಅವಳ ಸಂಬಳ ನಂಬಿಕೊಂಡವರಿದ್ದರು. ಅವಳು ಬ್ಯಾಗನ್ನು ಹೆಗಲಿನಿಂದ ಇಳಿಸಲಿಲ್ಲ.

“ಇಲ್ಲ ಸರ್. ನಿಮ್ಮದನ್ನು ನಾನು ಹಾಕಿದರೆ ಇವರದ್ದನ್ನೂ ನಾನೇ ಹಾಕ್ಬೇಕಾಗ್ತದೆ. ನೀವು ಹಾಕಿ. ಆಗ ಇವರು ಹಾಕ್ತಾರೆ.”

ಮಹಡಿಗೆ ವಾಪಸ್ ಹೊರಟಿದ್ದ ಸೆವರಿನ್ ಮೆಟ್ಟಿಲಿನ ಮೇಲೆಯೇ ನಿಂತ. ಶೆಟ್ಟರು ತಮ್ಮ ಕ್ಯಾಬಿನ್ನಿಗೆ ನಡೆದರು. ಮನ್ವಿತಾ ಅದರ ಬಾಗಿಲವರೆಗೆ ಹೋಗಿ ನಿಂತಳು.

ಎಲ್ಲರದ್ದಕ್ಕಿಂತ ದೊಡ್ಡ ಮಾನಿಟರ್ ಅವರದ್ದು. ಕಂಪನಿಯಿಂದ ಬರುವಾಗ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಇನ್ನೂ ಅದರ ಮೇಲಿತ್ತು. ಶೆಟ್ಟರು ಕನ್ನಡಕ ಹಾಕಿಕೊಂಡು, ಬಗ್ಗಿ, ಉಗುರಿನಿಂದ ಅದರ ಒಂದು ಮೂಲೆಯನ್ನು ಕೆರೆಯತೊಡಗಿದರು. ಅದು ಸುಲಭದಲ್ಲಿ ಏಳಲಿಲ್ಲ. ಮನ್ವಿತಾ ಸಹಾಯಕ್ಕೆ ಹೋಗಲಿಲ್ಲ.