ಚೆನ್ನಾಜಮ್ಮನ ಕಾಲಿನ ಕೋಡ್

ಕಾಲು ರಿಪೇರಿ ಅಂಗಡಿಯ ಶಕೀಲಾಗೆ ತಲೆ ಕೆಟ್ಟುಹೋಗಿತ್ತು. ಚೆನ್ನಾಜಮ್ಮನ ಯಂತ್ರದ ಕಾಲುಗಳು ಬೀದಿಯ ತಿರುವಿನಲ್ಲಿ, ಅವರ ತಂಗಿಯ ಬಾಗಿಲೆದುರು, ದಿನವೂ ಹತ್ತು ನಿಮಿಷ ನಿಂತುಬಿಡುತ್ತಿದ್ದವು. ಕಾಲು ನಡೆಸುವ ಆದೇಶಗಳ ಕೋಡ್ ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು. ಅದನ್ನು ತಿದ್ದುವ ಎಡಿಟರ್‌ನಲ್ಲಿ ಖಾಲಿ ಜಾಗ ತೋರಿಸುವ ಗುಂಡಿ ಒತ್ತಿದಾಗ ಬಣ್ಣ ಬಯಲಾಯಿತು. ಸ್ಪೇಸ್‌ಗಳ ಚುಕ್ಕಿಗಳ ನಡುವೆ, ಹಿಂದೆ ರಿಪೇರಿ ಮಾಡಿದವನು ಒತ್ತಿದ್ದ ಟ್ಯಾಬ್‌ಗಳ ಬಾಣಗಳು! ಕಣ್ಣಿಗೆ ಎರಡೂ ಬರೀ ಖಾಲಿ ಜಾಗ, ಯಂತ್ರಕ್ಕೆ ಬೇರೆ ಬೇರೆ; ಬೆರೆತರೆ ಕಾಲು ಎಡವಟ್ಟು ಮಾಡದೆ ಇನ್ನೇನು?

“ಅವನ ಕೈ ಸೇದೋಗ!” ಎಂದು ಬೈಯುತ್ತಲೇ ಮುನ್ನೂರು ಟ್ಯಾಬ್‌ಗಳನ್ನೂ ಸ್ಪೇಸ್ ಮಾಡಿದಳು.

ರಿಪೇರಿಯಾದ ಕಾಲುಗಳಲ್ಲಿ ಚೆನ್ನಾಜಮ್ಮ ಬೀದಿ ಸುತ್ತಿ ಬಂದು ಸಪ್ಪೆ ಮೋರೆ ಹಾಕಿಕೊಂಡು ಕೂತರು.

“ಎಲ್ಲೂ ನಿಲ್ಲಲಿಲ್ಲ ತಾನೇ, ಅಜ್ಜಿ?”

“ಇಲ್ಲ ಕಣವ್ವ. ನಾನೂ ನನ್ ತಂಗೀನೂ ಹನ್ನೆರಡು ವರ್ಷ ಮಾತು ಬಿಟ್ಟಿದ್ವಿ. ಕಾಲು ಕೆಟ್ಟು ನಿಂತ್ಕೊಂಡ್ರೆ ಅವಳೇ ನೀರು ತಂದ್ಕೊಟ್ಟು ಮಾತಾಡ್ಸೋಳು. ಇನ್ನು ಯಾವ ಮುಖ ಇಟ್ಕೊಂಡು ನಿಲ್ಲಲಿ?”

ಶಕೀಲಾ ಹಲ್ಲು ಕಚ್ಚಿಕೊಂಡು ಎಡಿಟರ್ ಮತ್ತೆ ತೆರೆದಳು. ಬೀದಿಯ ತಿರುವಿನಲ್ಲಿ ಕಾಲು ನಡೆಸುವ ಕೋಡಿನ ಒಂದು ಸಾಲಿಗೆ ಮಾತ್ರ ಮತ್ತೆ ಟ್ಯಾಬ್ ಒತ್ತಿದಳು.