ಡ್ರೈವರ್ ಕುಡಿದಿರಲಿಲ್ಲ

ವಿಡಿಯೊ ಮೇಲೆ ‘ಸುಳ್ಳು’ ಎಂದು ಕೆಂಪು ಮುದ್ರೆ ಒತ್ತಿ ವರದಿ ಕಳಿಸಿದ ಐದೇ ನಿಮಿಷಕ್ಕೆ ಸಂಪಾದಕನ ಫೋನು ಬಂತು. ಅವನು ಸುದ್ದಿವಾಹಿನಿಯ ಕೇಂದ್ರ ಕಚೇರಿಗೆ ಹೊಸಬ. ಅವಳು ದೂರದ ಊರಿನಲ್ಲಿ ಕೂತು ಫ್ಯಾಕ್ಟ್ ಚೆಕ್ ಮಾಡುವವಳು. ಒಬ್ಬರ ಮುಖ ಒಬ್ಬರು ಕಂಡವರಲ್ಲ.

ಶಾಲಾ ಬಸ್ಸು ಕಂದಕಕ್ಕೆ ಉರುಳಿ ನಾಲ್ಕು ಮಕ್ಕಳು ಸತ್ತು ಹನ್ನೊಂದು ದಿನವಾಗಿತ್ತು. ಡ್ರೈವರ್ ಬಾಟಲಿ ಎತ್ತಿ ಕುಡಿಯುತ್ತಿದ್ದ ವಿಡಿಯೊ ಎಲ್ಲರ ಮೊಬೈಲಿನಲ್ಲೂ ಹರಿದಾಡಿ, ಜನ ಅವನ ಮನೆಗೆ ಕಲ್ಲು ತೂರಿದ್ದರು. ಕಾಲು ಮುರಿದುಕೊಂಡು ಮಲಗಿದ್ದವನ ವಾರ್ಡಿಗೂ ನುಗ್ಗಲು ನೋಡಿದ್ದರು. ಸಂಜೆ ವಾಹಿನಿಯೂ ‘ನಿಜ’ ಎಂದುಬಿಟ್ಟರೆ ಅವನ ಕಥೆ ಮುಗಿದಂತೆ.

ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಮೂರು ವರ್ಷದ ಹಿಂದೆ ಯಾರದೋ ಮದುವೆಯಲ್ಲಿ ಕುಡಿದ ಬಿಯರನ್ನು ತಂದು ಮಕ್ಕಳ ಸಾವಿಗೆ ಗಂಟುಹಾಕಿದ್ದರು. ವಿಡಿಯೊ ಮೊದಲು ಹಾಕಿದವನು ಬಸ್ಸಿನ ಮಾಲೀಕನ ಅಳಿಯ. ಡ್ರೈವರನ ರಕ್ತದಲ್ಲಿ ಮದ್ಯದ ಸುಳಿವೇ ಇರಲಿಲ್ಲ. ಬ್ರೇಕ್ ಹಿಡಿಯುತ್ತಿಲ್ಲ ಎಂದು ಅವನು ಗ್ಯಾರೇಜಿನ ಪುಸ್ತಕದಲ್ಲಿ ಮೂರು ಸಲ ಬರೆಸಿದ್ದ. ಮೂರು ಸಲವೂ ಮಾಲೀಕ ‘ಮುಂದಿನ ವಾರ ನೋಡೋಣ’ ಎಂದು ಸಹಿ ಹಾಕಿದ್ದ. ಯಾರಿಗೂ ತೋರಿಸದ ಆ ಪುಸ್ತಕವನ್ನು ಮೆಕ್ಯಾನಿಕ್, ಅವಳನ್ನು ಕಂಡೊಡನೆ ಎದ್ದು ನಿಂತು, ಕೇಳುವ ಮೊದಲೇ ತಂದು ಕೈಗಿಟ್ಟಿದ್ದ. ಬಸ್ಸಿನ ಫೋಟೊ ನೋಡುವಾಗ ಮಾತ್ರ ಅವಳು ಹಿಂದಿನ ಸೀಟುಗಳನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಳು.

“ಜನ ಕುದೀತಿದ್ದಾರೆ ಮೇಡಂ. ‘ನಿಜ’ ಅಂತಾನೇ ಹಾಕಿ,” ಎಂದ ಸಂಪಾದಕ.

ಅವಳು ಹಲ್ಲು ಕಚ್ಚಿದಳು. “ಫ್ಯಾಕ್ಟ್ ಚೆಕ್ ಅಂದ್ರೆ ಜನಕ್ಕೆ ಬೇಕಾದ್ದನ್ನ ಹೇಳೋದಲ್ಲ ಸಾರ್. ಆಗಿದ್ದೇನು ಅಂತ ನೋಡಿ ಹೇಳೋದು. ನಿಮಗೆ ಮುದ್ರೆ ಒಂದೇ ಬೇಕಿದ್ರೆ ಅಂಗಡೀಲಿ ಸಿಗುತ್ತೆ.”

ಅವನಿಗೂ ಪಿತ್ತ ನೆತ್ತಿಗೇರಿತು. ಒಬ್ಬ ಕುಡುಕನಿಗೆ ಇಷ್ಟೊಂದು ವಕಾಲತ್ತು ಯಾಕೆ, ಅವನೇನು ನಿಮಗೆ ಅಣ್ಣನೋ ತಮ್ಮನೋ ಎಂದು ಕೇಳಿದ. ಪರಿಶೀಲಿಸಿದವರಿಗೆ ಈ ಪ್ರಕರಣದ ಯಾರೊಂದಿಗಾದರೂ ಸಂಬಂಧವಿದೆಯೇ ಎಂದು ಪ್ರತಿ ವರದಿಯ ಕೊನೆಯಲ್ಲೂ ಬರೆಯಬೇಕು. ಇವಳು ಆ ಜಾಗ ಖಾಲಿ ಬಿಟ್ಟಿದ್ದಳು.

“ಅದನ್ನ ತುಂಬಿ ಕಳಿಸಿ. ನೀವು ಯಾರ ಕಡೆಯವರು ಅಂತ ನೋಡೋರಿಗೂ ಗೊತ್ತಾಗ್ಲಿ,” ಎಂದ.

ಅವಳು ಫೋನಿಡದೆಯೇ ಟೈಪ್ ಮಾಡಿ ಕಳಿಸಿದಳು. ಅತ್ತ ಅವನು ಜೋರಾಗಿಯೇ ಓದತೊಡಗಿದ.

“ಇದೆ. ಸತ್ತ ನಾಲ್ವರಲ್ಲಿ ಕಿರಿಯವಳು ನನ್ನ ಮಗಳು.”