ಮರಿಗೂಡಿನ ಚಿಲಕ

ಕೊಟ್ಟಿಗೆ, ಕೋಳಿಗೂಡು ಕಟ್ಟುವುದನ್ನು ಹೈಸ್ಕೂಲು ಮಕ್ಕಳಿಗೆ ಕಲಿಸಲು ಬಂದ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು: "ಒಳಗೆ ಯಾರಿರ್ತಾರೆ ಅಂತ ಕೇಳದೆ ಒಂದು ಕಂಬಾನೂ ನೆಡಬೇಡಿ."

ಆ ಮಕ್ಕಳಲ್ಲೊಬ್ಬಳಾದ ವೇಣಿ ಕಟ್ಟಿದ ಕುರಿಮರಿ ಗೂಡು ನೋಡಿ ಅವರೇ ದಂಗಾದರು. ಹಲಗೆಯ ನೆಲ, ತಗಡಿನ ಸೂರು, ಎರಚಲು ಬಡಿಯದ ಗಾಳಿಕಂಡಿ.

ಅಪ್ಪನೂ ಬಂದು ನೋಡಿದ. "ಇಂಥದ್ದೇ ಒಂದು ನಮ್ಗೂ ಕಟ್ಟವ್ವ. ಹಟ್ಟಿಯಾಚೆ, ಹುಣಸೆಮರದ ತಾವ. ಸ್ವಲ್ಪ ಉದ್ದಕ್ಕಿರಲಿ."

"ಒಳಗೆ ಯಾರಿರ್ತಾರಪ್ಪ?"

"ಕುರಿಮರಿ ಅಂತ ತಿಳ್ಕೋ."

ವೇಣಿ ದಸರಾ ರಜೆಯನ್ನೆಲ್ಲ ಅದಕ್ಕೇ ಸುರಿದಳು. ಬಾಗಿಲು ಕೂರಿಸುವ ದಿನ ಅವ್ವ ಅಪ್ಪನ ಕಣ್ಣು ತಪ್ಪಿಸಿ ಬಂದು, ಸೆರಗಿನ ಮರೆಯಿಂದ ಒಂದು ಚಿಲಕ ತೆಗೆದಳು.

"ಇದನ್ನ ಒಳಗಡೀಕೆ ಹಾಕು ಮಗಾ."

"ಒಳಗಡೀಕಾ? ಮರಿಗಳು ಎದ್ದು ಚಿಲಕ ಹಾಕ್ಕಂತಾವಾ?" ವೇಣಿ ಬಿದ್ದು ಬಿದ್ದು ನಕ್ಕಳು. "ನಿಂಗೇನೂ ತಿಳಿಯಲ್ಲ, ಸುಮ್ನಿರವ್ವ." ಚಿಲಕವನ್ನು ಹೊರಗಡೆಗೇ ಬಡಿದಳು.

ಅವ್ವ ಏನೋ ಹೇಳಹೋದವಳು ಹಟ್ಟಿಯ ಕಡೆ ನೋಡಿ, ಸೆರಗು ಹೊದ್ದು ಸರಸರನೆ ಹೊರಟುಹೋದಳು.

ಮುಂದಿನ ತಿಂಗಳು ವೇಣಿ ದೊಡ್ಡವಳಾದಳು. "ಮೈಲಿಗೆ ಕಳೆಯೋವರ್ಗೂ ನಮ್ಮ ಹೊಸ್ತಿಲು ತುಳಿಯಂಗಿಲ್ಲ. ಪ್ರತಿ ತಿಂಗಳೂ ಇಲ್ಲೇ" ಎಂದ ಅಪ್ಪ ಚಾಪೆ, ತಟ್ಟೆಗಳನ್ನು ಆ ಗೂಡಿನೊಳಗೆ ಎಸೆದು ಹೋದ.

ಕತ್ತಲು ಕವಿಯಿತು. ಕುಡಿದವರ ನಗು ಹುಣಸೆಮರದ ತನಕ ಬಂದು ಅಲ್ಲೇ ನಿಂತಿತು. ವೇಣಿಯ ಬೆರಳು ಬಾಗಿಲ ಒಳಮೈಯನ್ನೆಲ್ಲ ತಡಕಾಡಿತು. ತಾನೇ ಉಜ್ಜಿ ನುಣುಪು ಮಾಡಿದ್ದ ಹಲಗೆ ಬಿಟ್ಟರೆ ಅಲ್ಲಿ ಏನೂ ಸಿಗಲಿಲ್ಲ.